ಮೈಯೊಳಗಿನ ಸೆನ್ಸರ್‌ಗೆ ಕರೆಂಟು ಎಲ್ಲಿಂದ: ಜಠರದ ಆಮ್ಲವೋ, ರಕ್ತದ ಗ್ಲೂಕೋಸೋ, ಹಳೇ ಬ್ಯಾಟರಿಯೋ?

ಬಳ್ಳಾರಿ, ರಾಯಚೂರು, ಕೊಪ್ಪಳದ ಇಂಜಿನಿಯರಿಂಗ್ ಹುಡುಗರು ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವ ಹೊತ್ತಿಗೆ ನನಗೆ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. "ಸರ್, ಬ್ಯಾಟರಿ ಇಲ್ಲದೆ ದೇಹದ ದ್ರವದಿಂದಲೇ ಸೆನ್ಸರ್ ಓಡಿಸಬಹುದಂತೆ. ಗ್ಲೂಕೋಸ್ ತಗೊಳ್ಳೋಣವಾ, ಹೊಟ್ಟೆಯ ಆಮ್ಲ ತಗೊಳ್ಳೋಣವಾ, ಇಲ್ಲಾ ಹೊರಗಿನಿಂದ ವೈರ್‌ಲೆಸ್ ಕೊಡೋಣವಾ?" ಇದರ ಜೊತೆಗೆ ಮನೆಯಲ್ಲಿ ಶುಗರ್ ಇರುವವರದು ಇನ್ನೊಂದು ಪ್ರಶ್ನೆ. "ಬ್ಯಾಟರಿಯೇ ಬೇಡದ ಸೆನ್ಸರ್ ಬಂದಿದೆಯಂತಲ್ಲ, ಅಮ್ಮನಿಗೆ ಹಾಕಿಸಬಹುದಾ?"

ಎರಡನೇ ಪ್ರಶ್ನೆಗೆ ಉತ್ತರ ಚಿಕ್ಕದು, ಅದನ್ನು ಆಮೇಲೆ ಹೇಳುತ್ತೇನೆ. ಮೊದಲನೆಯದಕ್ಕೆ ನನ್ನ ಒಲವನ್ನು ಈಗಲೇ ಹೇಳಿಬಿಡುತ್ತೇನೆ. ಎಲ್ಲರೂ ಮೊದಲು ಗ್ಲೂಕೋಸ್‌ಗೆ ಮನಸೋಲುತ್ತಾರೆ. ಆದರೆ ನಮ್ಮ ಕಾಲೇಜು ಲ್ಯಾಬುಗಳಲ್ಲಿ ನಿಜವಾಗಿ ಕೈಹಿಡಿಯುವುದು ಜಠರದ ಆಮ್ಲ. ಯಾಕೆ ಅಂತ ನೋಡೋಣ.

ಮೊದಲು ಲೆಕ್ಕ, ಆಮೇಲೆ ಆಯ್ಕೆ

ಎಷ್ಟು ಕರೆಂಟು ಬೇಕು ಅನ್ನುವುದು ಮೊದಲ ಮಾತು. ಶಕ್ತಿನಗರದ ರಾಯಚೂರು ಥರ್ಮಲ್‌ನ ಒಂದು ಹಳೇ ಯೂನಿಟ್ 210 ಮೆಗಾವಾಟ್ ಕೊಡುತ್ತದೆ. ನಾವಿಲ್ಲಿ ಮಾತಾಡುತ್ತಿರುವುದು ಮೈಕ್ರೋವಾಟ್‌ಗಳಲ್ಲಿ, ಅಂದರೆ ಒಂದು ವಾಟ್‌ನ ಹತ್ತು ಲಕ್ಷದ ಒಂದು ಪಾಲು. ಹೃದಯದ ಪೇಸ್‌ಮೇಕರ್ ಹೆಚ್ಚುಕಡಿಮೆ ಹತ್ತು ಮೈಕ್ರೋವಾಟ್‌ನ ಆಸುಪಾಸಿನಲ್ಲೇ ಬದುಕುತ್ತದೆ. ಆಗೊಮ್ಮೆ ಈಗೊಮ್ಮೆ ಉಷ್ಣತೆ ಅಳೆದು ಕಳಿಸುವ ಸೆನ್ಸರ್‌ಗೆ ಅದಕ್ಕಿಂತ ಕಡಿಮೆ ಸಾಕು.

ಹುಡುಗರು ಈ ಲೆಕ್ಕ ಹಾಕುವಾಗ ರೇಡಿಯೋ ಖರ್ಚನ್ನು ಮಾತ್ರ ನೋಡುತ್ತಾರೆ. ಒಂದು ಬ್ಲೂಟೂತ್ ಚಿಪ್ ಮಾಹಿತಿ ಕಳಿಸುವಾಗ 15 ಮಿಲಿವಾಟ್ ಎಳೆಯುತ್ತದೆ ಅಂದುಕೊಳ್ಳಿ. ನೋಡಿದರೆ ಗಾಬರಿಯಾಗುತ್ತದೆ. ಆದರೆ ಅದು ಮೂರು ಮಿಲಿಸೆಕೆಂಡಿನ ಕೆಲಸ, ಖರ್ಚು 45 ಮೈಕ್ರೋಜೂಲ್ ಅಷ್ಟೇ. ನಿಮಿಷಕ್ಕೊಮ್ಮೆ ಕಳಿಸಿದರೆ ಸರಾಸರಿ 0.75 ಮೈಕ್ರೋವಾಟ್. ಅದೇ ಚಿಪ್ ನಿದ್ದೆ ಮಾಡುವಾಗ 3 ವೋಲ್ಟಿನಲ್ಲಿ 1.5 ಮೈಕ್ರೋಆಂಪ್ ಎಳೆದರೂ 4.5 ಮೈಕ್ರೋವಾಟ್ ಆಯಿತು. ಕೆಲಸಕ್ಕಿಂತ ನಿದ್ದೆಯ ಖರ್ಚೇ ಆರು ಪಟ್ಟು! ಹಾಗಾಗಿ ಕರೆಂಟಿನ ಮೂಲ ಹುಡುಕುವ ಮೊದಲು ಚಿಪ್‌ನ ಡೇಟಾಶೀಟಿನಲ್ಲಿ ಸ್ಲೀಪ್ ಕರೆಂಟಿನ ಸಾಲು ನೋಡಿ.

ಎರಡನೆಯದು, ಎಷ್ಟು ದಿನ ಓಡಬೇಕು. ಒಂದು ಮೈಕ್ರೋವಾಟನ್ನು ಒಂದು ವರ್ಷ ಬಿಡದೆ ಕೊಡಲು 31.5 ಜೂಲ್ ಬೇಕು. ಅಂಗಡಿಯಲ್ಲಿ ಸಿಗುವ ಸಿಆರ್ 2032 ಬಟನ್ ಸೆಲ್ಲಿನಲ್ಲಿ ಸುಮಾರು 2,400 ಜೂಲ್ ಇರುತ್ತದೆ. ಹತ್ತು ಮೈಕ್ರೋವಾಟ್ ಎಳೆದರೂ ಕಾಗದದ ಮೇಲೆ ಏಳು ವರ್ಷ ದಾಟುತ್ತದೆ. ಆದರೆ ಅದರ ಗಾತ್ರ ಒಂದು ಘನ ಸೆಂಟಿಮೀಟರ್. ಅದನ್ನೇ ಒಂದು ಘನ ಮಿಲಿಮೀಟರಿಗೆ ಇಳಿಸಿದರೆ ಉಳಿಯುವುದು 2.4 ಜೂಲ್. ಒಂದು ಮೈಕ್ರೋವಾಟ್‌ನ ಸೆನ್ಸರ್ ಅದರಲ್ಲಿ ನಾಲ್ಕು ವಾರ ಓಡಿ ನಿಲ್ಲುತ್ತದೆ. ದೇಹದ ದ್ರವದ ಕಡೆ ಜನ ತಿರುಗಿ ನೋಡಿದ್ದು ಈ ಲೆಕ್ಕದಿಂದಲೇ. ಸೆನ್ಸರ್ ದೊಡ್ಡದಿದ್ದರೆ ಈ ಸಾಹಸವೇ ಬೇಡ.

ಮೂರನೆಯದು ಜಾಗ. ಜಠರದಲ್ಲಿ ಆಮ್ಲ ಇದೆ, ರಕ್ತದಲ್ಲಿ ಗ್ಲೂಕೋಸ್ ಇದೆ, ಮೆದುಳಿನ ಸುತ್ತ ಒಂದು ತಿಳಿ ದ್ರವ ಇದೆ. ಒಂದು ಕಡೆ ನಡೆದದ್ದು ಇನ್ನೊಂದು ಕಡೆ ನಡೆಯುವುದಿಲ್ಲ. ನಾಲ್ಕನೆಯದು, ಕರೆಂಟು ಹೋದರೆ ಏನಾಗುತ್ತದೆ? ಉಷ್ಣತೆಯ ಒಂದು ರೀಡಿಂಗ್ ತಪ್ಪಿದರೆ ನಷ್ಟವಿಲ್ಲ. ಹೃದಯದ ಮಿಡಿತ ತಪ್ಪಿದರೆ? ಇಷ್ಟರ ಮೇಲೆ ಕೊನೆಯದಾಗಿ ನಿಮ್ಮ ದುಡ್ಡು ಮತ್ತು ನಿಮ್ಮ ಲ್ಯಾಬ್.

ಲಿಥಿಯಂ ಬ್ಯಾಟರಿ: ಬೋರು, ಆದರೆ ನಂಬಿಕಸ್ಥ

1958ರಲ್ಲಿ ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಅನ್ನುವವರ ದೇಹದೊಳಗೆ ಮೊದಲ ಪೇಸ್‌ಮೇಕರ್ ಇಟ್ಟರು. ಅದು ಕೆಲವೇ ಗಂಟೆ ನಡೆಯಿತು. ಲಾರ್ಸನ್ ಮಾತ್ರ ಒಂದಾದ ಮೇಲೊಂದು ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಿಸಿಕೊಂಡು 2001ರವರೆಗೆ ಬದುಕಿದ್ದರು. ಬ್ಯಾಟರಿಯ ಕಥೆ ಬದಲಾಗಿದ್ದು 1972ರಲ್ಲಿ, ವಿಲ್ಸನ್ ಗ್ರೇಟ್‌ಬ್ಯಾಚ್ ತಂದ ಲಿಥಿಯಂ ಅಯೋಡಿನ್ ಸೆಲ್ಲಿನಿಂದ. ಅದಕ್ಕೂ ಮೊದಲು ಪ್ಲುಟೋನಿಯಂ ಇಟ್ಟ ಪೇಸ್‌ಮೇಕರ್‌ಗಳೂ ಜನರ ಎದೆಯೊಳಗೆ ಹೋಗಿದ್ದವು ಅಂದರೆ ಈಗ ನಂಬುವುದು ಕಷ್ಟ. 2016ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಮೈಕ್ರಾ ಪೇಸ್‌ಮೇಕರ್ ಎರಡು ಗ್ರಾಂ ಕೂಡ ತೂಗುವುದಿಲ್ಲ. ಹೃದಯದ ಒಳಗೇ ಕೂರುತ್ತದೆ. ಕಂಪನಿ ಹೇಳುವ ಅಂದಾಜು ಆಯಸ್ಸು ಹತ್ತು ಹನ್ನೆರಡು ವರ್ಷ.

ವರ್ಷಗಟ್ಟಲೆ ಓಡಬೇಕು, ನಿಂತರೆ ಜೀವಕ್ಕೆ ಅಪಾಯ, ಒಂದು ಘನ ಸೆಂಟಿಮೀಟರ್ ಜಾಗ ಇದೆ ಅಂದರೆ ಇದನ್ನು ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಪ್ರಾಜೆಕ್ಟ್ ವಿಷಯವಾಗಿ ಇದರಲ್ಲಿ ಹೊಸದೇನೂ ಇಲ್ಲ, ಅದೊಂದೇ ಕೊರತೆ.

ಹೊರಗಿನಿಂದ ಕೊಡುವುದು

ದ್ರವದ ಪ್ರತಿಸ್ಪರ್ಧಿ ಬ್ಯಾಟರಿಯೊಂದೇ ಅಲ್ಲ. 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಕಾರ್ಡಿಯೋಮೆಮ್ಸ್ ಸೆನ್ಸರ್ ಶ್ವಾಸಕೋಶದ ರಕ್ತನಾಳದೊಳಗೆ ಕೂತು ಒತ್ತಡ ಅಳೆಯುತ್ತದೆ. ಅದರಲ್ಲಿ ಬ್ಯಾಟರಿ ಇಲ್ಲ. ರೋಗಿ ಆಂಟೆನಾ ಇರುವ ಒಂದು ದಿಂಬಿನ ಮೇಲೆ ಮಲಗಿದಾಗ ಸೆನ್ಸರ್ ಎಚ್ಚರಾಗುತ್ತದೆ. ತೋಳಿನ ಚರ್ಮದಡಿ ಇಡುವ ಎವರ್‌ಸೆನ್ಸ್ ಗ್ಲೂಕೋಸ್ ಸೆನ್ಸರ್ ಕೂಡ ಮೇಲೆ ಅಂಟಿಸಿಕೊಂಡ ಟ್ರಾನ್ಸ್‌ಮಿಟರಿನಿಂದಲೇ ಶಕ್ತಿ ಪಡೆಯುತ್ತದೆ. ಅದರ ಹೊಸ ಮಾದರಿಗೆ 2024ರಲ್ಲಿ ಇಡೀ ಒಂದು ವರ್ಷದ ಬಳಕೆಗೆ ಒಪ್ಪಿಗೆ ಸಿಕ್ಕಿತು.

ಇದರ ಅಗ್ಗದ ರೂಪ ನಮ್ಮ ಕೈಯಲ್ಲೇ ಇದೆ. ಫೋನಿನ ಎನ್‌ಎಫ್‌ಸಿ (ಹತ್ತಿರ ಹಿಡಿದರೆ ತಂತಿಯಿಲ್ಲದೆ ಮಾಹಿತಿ ಕಳಿಸುವ ವ್ಯವಸ್ಥೆ) 13.56 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಹತ್ತಿರ ಹಿಡಿದರೆ ಮಿಲಿವಾಟ್‌ಗಳ ಮಟ್ಟದಲ್ಲೇ ಶಕ್ತಿ ಕೊಡುತ್ತದೆ. ದೇಹದ ದ್ರವಕ್ಕೆ ಹೋಲಿಸಿದರೆ ಅದು ಸಾವಿರ ಪಟ್ಟು. ತೊಂದರೆ ಇಷ್ಟೇ: ಫೋನ್ ತೆಗೆದರೆ ಸೆನ್ಸರ್ ಸತ್ತಂತೆ. ರಾತ್ರಿ ಎರಡು ಗಂಟೆಗೆ ಏನಾಯಿತು ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ. ಕಾಯಿಲ್ ಚಿಕ್ಕದಾದಷ್ಟೂ, ಆಳ ಜಾಸ್ತಿಯಾದಷ್ಟೂ ಸಿಗುವ ಶಕ್ತಿ ಸರ್ರನೆ ಇಳಿಯುತ್ತದೆ. ಆಳಕ್ಕೆ ಅಲ್ಟ್ರಾಸೌಂಡ್ ಮೇಲು. 2016ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಇಲಿಯ ನರದ ಮೇಲೆ ಸುಮಾರು ಮೂರು ಮಿಲಿಮೀಟರಿನ ಸೆನ್ಸರ್ ಇಟ್ಟು ಹೀಗೆ ಓಡಿಸಿ ತೋರಿಸಿದರು. ಆದರೆ ಗಾಳಿ ತುಂಬಿದ ಶ್ವಾಸಕೋಶ, ಮೂಳೆ ಅಡ್ಡ ಬಂದರೆ ಅದು ದಾಟುವುದಿಲ್ಲ. ಜೆಲ್ ಹಚ್ಚಿ ಪ್ರೋಬನ್ನು ನೇರ ಹಿಡಿಯಬೇಕು. ನಮ್ಮ ಕಾಲೇಜುಗಳಲ್ಲಿ ಆ ಸಲಕರಣೆ ಸಿಗುವುದೂ ಅಪರೂಪ.

ಜಠರದ ಆಮ್ಲ: ನನ್ನ ಮೊದಲ ಆಯ್ಕೆ

ಶಾಲೆಯಲ್ಲಿ ನಿಂಬೆಹಣ್ಣಿಗೆ ಸತುವಿನ ತಗಡು, ತಾಮ್ರದ ತಂತಿ ಚುಚ್ಚಿ ವೋಲ್ಟೇಜ್ ನೋಡಿದ್ದು ನೆನಪಿರಬೇಕು, ಅಲ್ವಾ? ಜಠರದಲ್ಲೂ ಅದೇ ರಸಾಯನಶಾಸ್ತ್ರ. ಸತು ಕರಗುತ್ತಾ ಎಲೆಕ್ಟ್ರಾನ್ ಬಿಡುತ್ತದೆ, ತಾಮ್ರದ ಕಡೆ ಆಮ್ಲದ ಹೈಡ್ರೋಜನ್ ಅಯಾನುಗಳು ಅದನ್ನು ತಗೊಳ್ಳುತ್ತವೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಶಕ್ತಿ ಆಮ್ಲದಿಂದ ಬಂತು ಅಂತ ನಾವು ಹೇಳುತ್ತೇವೆ, ಆದರೆ ಖರ್ಚಾಗುತ್ತಿರುವ ಇಂಧನ ಸತು. ದೇಹ ಕೊಡುವುದು ಎಲೆಕ್ಟ್ರೋಲೈಟ್ (ಕರೆಂಟು ಹರಿಯಲು ಬಿಡುವ ದ್ರವ) ಮತ್ತು ಅಯಾನುಗಳನ್ನು. ಹಾಗಾಗಿ ಸತು ಮುಗಿದ ದಿನ ಸೆನ್ಸರ್ ಮುಗಿಯಿತು. ವೈವಾದಲ್ಲಿ ಇದನ್ನು ನೀವೇ ಮೊದಲು ಹೇಳಿಬಿಡಿ. ಪರೀಕ್ಷಕರು ಕೇಳಿದ ಮೇಲೆ ಹೇಳಿದರೆ ತಬ್ಬಿಬ್ಬಾದಂತೆ ಕಾಣುತ್ತದೆ.

ಈ ದಾರಿಯಲ್ಲಿ ದೊಡ್ಡ ಹೆಜ್ಜೆ 2017ರದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಮತ್ತು ಬಾಸ್ಟನ್ನಿನ ಬ್ರಿಗಂ ಆಸ್ಪತ್ರೆಯ ತಂಡ ಸತು-ತಾಮ್ರದ ಸೆಲ್ ಇರುವ ಕ್ಯಾಪ್ಸೂಲನ್ನು ಹಂದಿಗಳ ಜಠರಕ್ಕೆ ಇಳಿಸಿತು. ಸರಾಸರಿ 6 ದಿನ ಅದು ಕರೆಂಟು ಕೊಟ್ಟಿತು. ತಂಡದಲ್ಲಿ ಅನಂತ ಚಂದ್ರಕಾಸನ್ ಇದ್ದರು, ಕಡಿಮೆ ಕರೆಂಟಿನ ಚಿಪ್‌ಗಳಿಗೆ ಹೆಸರಾದವರು. ಒಂದು ಚದರ ಮಿಲಿಮೀಟರ್ ಎಲೆಕ್ಟ್ರೋಡಿಗೆ ಸರಾಸರಿ 0.23 ಮೈಕ್ರೋವಾಟ್ ಸಿಕ್ಕಿತು. ಅಂದರೆ 30 ಚದರ ಮಿಲಿಮೀಟರಿನ ತಗಡಿನ ಚೂರಿಗೆ ಸುಮಾರು 7 ಮೈಕ್ರೋವಾಟ್. ಉಷ್ಣತೆ ಅಳೆದು 12 ಸೆಕೆಂಡಿಗೊಮ್ಮೆ ರೇಡಿಯೋದಲ್ಲಿ ಕಳಿಸಲು ಅದು ಸಾಕಾಯಿತು. ಕ್ಯಾಪ್ಸೂಲ್ ಸಣ್ಣ ಕರುಳಿಗೆ ಇಳಿದ ಮೇಲೆ ಆಟ ಬದಲಾಯಿತು. ಅಲ್ಲಿ ಆಮ್ಲ ಇಲ್ಲ, ಸಿಕ್ಕಿದ್ದು ಚದರ ಮಿಲಿಮೀಟರಿಗೆ 13 ನ್ಯಾನೋವಾಟ್ ಮಾತ್ರ. ಜಾಗದ ಮಾತು ಮೊದಲೇ ಯಾಕೆ ಎತ್ತಿದೆ ಅಂತ ಈಗ ಗೊತ್ತಾಗಿರಬೇಕು.

ಮಾರುಕಟ್ಟೆಗೆ ಇದಕ್ಕಿಂತ ಮೊದಲೇ ಬಂದದ್ದು ಪ್ರೋಟಿಯಸ್ ಕಂಪನಿಯ ನುಂಗುವ ಸೆನ್ಸರ್. ಮೆಗ್ನೀಷಿಯಂ ಮತ್ತು ತಾಮ್ರದ ಸಂಯುಕ್ತ, ನಡುವೆ ಮರಳಿನ ಕಣದಷ್ಟು ಚಿಪ್. ಮಾತ್ರೆ ಜಠರ ಸೇರಿದರೆ ಕೆಲವು ನಿಮಿಷ ಸಿಗ್ನಲ್ ಕೊಟ್ಟು ಮುಗಿಯುತ್ತದೆ. ಹೊಟ್ಟೆಯ ಮೇಲಿನ ಪ್ಯಾಚ್ ಅದನ್ನು ಹಿಡಿಯುತ್ತದೆ. 2012ರಲ್ಲಿ ಎಫ್‌ಡಿಎ ಒಪ್ಪಿಗೆ, 2017ರಲ್ಲಿ ಮಾನಸಿಕ ಕಾಯಿಲೆಯ ಒಂದು ಮಾತ್ರೆಯೊಳಗೆ ಜಾಗ, 2020ರಲ್ಲಿ ಕಂಪನಿ ದಿವಾಳಿ. ಕರೆಂಟಿನ ಭಾಗ ಚೆನ್ನಾಗಿಯೇ ಕೆಲಸ ಮಾಡಿತ್ತು. ರೋಗಿ ಮಾತ್ರೆ ನುಂಗಿದನೋ ಇಲ್ಲವೋ ಅಂತ ಕಾಯುವ ಸಾಧನಕ್ಕೆ ದುಡ್ಡು ಕೊಡುವವರು ಸಾಕಷ್ಟು ಸಿಗಲಿಲ್ಲ ಅನ್ನುವುದು ನನ್ನ ಊಹೆ.

ನಮ್ಮ ಲ್ಯಾಬಿಗೆ ಇದು ಹೇಗೆ ಒಗ್ಗುತ್ತದೆ? ಒಂದು ಲೀಟರ್ ನೀರಿಗೆ 2 ಗ್ರಾಂ ಉಪ್ಪು, 7 ಮಿಲಿಲೀಟರ್ ಗಾಢ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಪಿಎಚ್ 1.2ರ ಕೃತಕ ಜಠರ ರಸ ಸಿದ್ಧ. ಔಷಧ ಪರೀಕ್ಷೆಯವರು ಬಳಸುವ ಅಳತೆಯೇ ಇದು, ಪ್ರೋಟೀನ್ ಅರಗಿಸುವ ಪೆಪ್ಸಿನ್ ಒಂದನ್ನು ಬಿಟ್ಟು. ಯಾವತ್ತೂ ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರಲ್ಲ. ಜಿಐ ತಗಡು ತರಬೇಡಿ. ಮೇಲಿನ ಸತುವಿನ ಪದರ ಹೋದ ಮೇಲೆ ಒಳಗಿನ ಕಬ್ಬಿಣದ ರೀಡಿಂಗ್ ಬರುತ್ತದೆ. ಶುದ್ಧ ಸತುವಿನ ಪಟ್ಟಿ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ರಾಸಾಯನಿಕ ಮತ್ತು ಲೋಹದ ಖರ್ಚು ಕೆಲವು ನೂರು ರೂಪಾಯಿ ದಾಟಲಾರದು. ಜಾಸ್ತಿ ದುಡ್ಡು ಹೋಗುವುದು ವೋಲ್ಟೇಜ್ ಏರಿಸುವ ಸರ್ಕ್ಯೂಟಿಗೆ. ಯಾಕೆಂದರೆ ಕರೆಂಟು ಎಳೆದಾಗ ಪುಟ್ಟ ಸೆಲ್ಲಿನ ವೋಲ್ಟೇಜ್ 0.1-0.2ಕ್ಕೆ ಕುಸಿಯುತ್ತದೆ, ಚಿಪ್‌ಗೆ ಬೇಕಿರುವುದು ಎರಡು ಮೂರು ವೋಲ್ಟ್. ಎಲ್‌ಟಿಸಿ 3108ರಂಥ ಚಿಪ್ 20 ಮಿಲಿವೋಲ್ಟಿನಿಂದಲೇ ಏರಿಸಿಕೊಡುತ್ತದೆ, ಆದರೆ ಏರಿಸುವಾಗ ತಾನೂ ತಿನ್ನುತ್ತದೆ.

ಸತು ಎಷ್ಟು ಬೇಕು? ಒಂದು ಮಿಲಿಗ್ರಾಂ ಸತು ಪೂರ್ತಿ ಕರಗಿದರೆ 0.82 ಮಿಲಿಆಂಪ್-ಅವರ್. 0.15 ವೋಲ್ಟಿನಲ್ಲಿ ಅದು 0.44 ಜೂಲ್. ಒಂದು ಮೈಕ್ರೋವಾಟಿಗೆ ಐದು ದಿನ. ನಿಜದಲ್ಲಿ ಸುಮ್ನೆ ತುಕ್ಕು ಹಿಡಿದು ಹೋಗುವ ಸತುವೇ ಬಹಳ, ಅದಕ್ಕೆ ಹಲವು ಪಟ್ಟು ಹೆಚ್ಚು ಇಡಬೇಕಾಗುತ್ತದೆ.

ಗ್ಲೂಕೋಸ್: ಎಲ್ಲರ ಕನಸು

ಕೇಳಲು ಇದಕ್ಕಿಂತ ಚಂದದ್ದು ಇನ್ನೊಂದಿಲ್ಲ. ನಾವು ತಿಂದ ರೊಟ್ಟಿಯೇ ಸಕ್ಕರೆಯಾಗಿ ರಕ್ತದಲ್ಲಿ ಓಡುತ್ತಿರುತ್ತದೆ, ಅದರಿಂದಲೇ ಕರೆಂಟು. ಇಂಧನ ಮುಗಿಯುವ ಮಾತೇ ಇಲ್ಲ. 1960ರ ದಶಕದಿಂದಲೂ ಇದರ ಬೆನ್ನು ಹತ್ತಿದವರಿದ್ದಾರೆ. 2010ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನವರು ಇಲಿಯೊಳಗೆ ಎಂಜೈಮ್ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನ್) ಬಳಸುವ ಸೆಲ್ ಇಟ್ಟು 6.5 ಮೈಕ್ರೋವಾಟ್ ಪಡೆದರು. 2013ರಲ್ಲಿ ಅದೇ ದಾರಿಯಲ್ಲಿ ಮುಂದೆ ಹೋಗಿ ಎಲ್‌ಇಡಿ, ಥರ್ಮಾಮೀಟರ್ ಓಡಿಸಿದರು. 2012ರಲ್ಲಿ ಎಂಐಟಿಯ ರಾಹುಲ್ ಸರ್ಪೇಶ್ಕರ್ ತಂಡ ಎಂಜೈಮ್ ಬಿಟ್ಟು ಪ್ಲಾಟಿನಂ ಹಿಡಿಯಿತು. ಸಿಲಿಕಾನ್ ಚಿಪ್ ಮೇಲೆಯೇ ಸೆಲ್ ಕಟ್ಟಿ, ಮೆದುಳಿನ ಸುತ್ತಲಿನ ದ್ರವಕ್ಕೆ ಅದು ಒಗ್ಗುತ್ತದೆ ಎಂದು ಲೆಕ್ಕ ತೋರಿಸಿದರು. ಬಿಡದೆ ಸಿಗುವ ಶಕ್ತಿ ಚದರ ಸೆಂಟಿಮೀಟರಿಗೆ 3.4 ಮೈಕ್ರೋವಾಟ್. 2022ರಲ್ಲಿ ಎಂಐಟಿ ಮತ್ತು ಮ್ಯೂನಿಕ್‌ನವರು 400 ನ್ಯಾನೋಮೀಟರ್ ದಪ್ಪದ ಸೆರಾಮಿಕ್ ಸೆಲ್ಲಿನಲ್ಲಿ ಚದರ ಸೆಂಟಿಮೀಟರಿಗೆ 43 ಮೈಕ್ರೋವಾಟ್ ಮುಟ್ಟಿದರು. ಅದು ಲ್ಯಾಬಿನ ಗರಿಷ್ಠ ಅಂಕಿ, ದೇಹದೊಳಗಿನದಲ್ಲ.

ಈ ಅಂಕಿಗಳನ್ನು ಜಠರದ ಜೊತೆ ಇಟ್ಟು ನೋಡಿ. ಜಠರದ 0.23 ಮೈಕ್ರೋವಾಟ್ ಚದರ *ಮಿಲಿಮೀಟರಿಗೆ*, ಗ್ಲೂಕೋಸ್‌ನ 3.4 ಚದರ *ಸೆಂಟಿಮೀಟರಿಗೆ*. ಒಂದೇ ಅಳತೆಗೆ ತಂದರೆ 23 ಮತ್ತು 3.4. ಹತ್ತು ಮೈಕ್ರೋವಾಟ್ ಬೇಕೆಂದರೆ ಗ್ಲೂಕೋಸ್ ಸೆಲ್ಲಿಗೆ ಮೂರು ಚದರ ಸೆಂಟಿಮೀಟರ್ ಜಾಗ ಬೇಕು. ಪುಟ್ಟ ಸೆನ್ಸರ್ ಅನ್ನುವ ಮಾತೇ ಅಲ್ಲಿಗೆ ಮುಗಿಯಿತಲ್ಲ.

ಯಾಕೆ ಹೀಗೆ? ಸಕ್ಕರೆಯ ಕೊರತೆಯಿಂದಲ್ಲ. ಒಂದು ಲೀಟರ್ ರಕ್ತದಲ್ಲಿ ಸುಮಾರು ಒಂದು ಗ್ರಾಂ ಗ್ಲೂಕೋಸ್ ಇದೆ. ಆದರೆ ಒಂದು ಗ್ಲೂಕೋಸ್ ಅಣುವಿನಿಂದ 24 ಎಲೆಕ್ಟ್ರಾನ್ ತೆಗೆಯಲು ಸಾಧ್ಯವಿದ್ದರೂ ಈ ಸೆಲ್ಲುಗಳು ಸಾಮಾನ್ಯವಾಗಿ ಎರಡನ್ನು ಮಾತ್ರ ತೆಗೆಯುತ್ತವೆ. ಅದಕ್ಕಿಂತ ದೊಡ್ಡ ಅಡ್ಡಿ ಆಮ್ಲಜನಕ. ಗ್ಲೂಕೋಸ್ ಬಿಟ್ಟ ಎಲೆಕ್ಟ್ರಾನನ್ನು ಇನ್ನೊಂದು ಕಡೆ ಹಿಡಿಯಲು ಆಮ್ಲಜನಕ ಬೇಕು. ಚರ್ಮದಡಿಯ ದ್ರವದಲ್ಲಿ ಅದು ಗ್ಲೂಕೋಸ್‌ಗಿಂತ ಎಷ್ಟೋ ಪಟ್ಟು ಕಡಿಮೆ. ಮೇಲಾಗಿ ದೇಹ ಹೊರಗಿನ ವಸ್ತುವಿನ ಸುತ್ತ ನಾರಿನ ಪದರ ಕಟ್ಟುತ್ತದೆ. ಬರುವ ಸಕ್ಕರೆ, ಆಮ್ಲಜನಕ ಎರಡಕ್ಕೂ ಅದು ಬಾಗಿಲು ಮುಚ್ಚಿದಂತೆ.

ಎಂಜೈಮ್‌ಗೆ ತನ್ನದೇ ಆಯಸ್ಸು ಬೇರೆ. ಅದು ಫ್ರಿಜ್ಜಿನಲ್ಲಿರಬೇಕು, ಬಳ್ಳಾರಿಯ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದಾಗ ಮೇಜಿನ ಮೇಲೆ ಬಿಟ್ಟರೆ ಕೆಟ್ಟಿತು. ಹಾಗಾದರೆ ಲೋಹ ಹಾಕೋಣ ಅಂದರೆ ಪ್ಲಾಟಿನಂ ಬೆಲೆ ಕೇಳಿಯೇ ಗೈಡ್ ಮುಖ ತಿರುಗಿಸುತ್ತಾರೆ. ಚಿನ್ನ? ಹಟ್ಟಿ ಗಣಿ ರಾಯಚೂರು ಜಿಲ್ಲೆಯಲ್ಲೇ ಇದ್ದರೂ ಪ್ರಯೋಜನ ಕಡಿಮೆ. ಚಿನ್ನ ಗ್ಲೂಕೋಸನ್ನು ಚೆನ್ನಾಗಿ ಉರಿಸುವುದು ಕ್ಷಾರದ ದ್ರಾವಣದಲ್ಲಿ. ದೇಹದ ದ್ರವದಲ್ಲಿರುವ ಕ್ಲೋರೈಡ್ ಅದರ ಕೈಕಟ್ಟುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಗ್ಲೂಕೋಸ್ ಒಂದು ಕಡೆ ನಿಜವಾಗಿ ಮೆರೆಯುತ್ತದೆ. ಕರೆಂಟು ಹೆಚ್ಚುಕಡಿಮೆ ಆಗುವುದೇ ಸಕ್ಕರೆಯ ಪ್ರಮಾಣವನ್ನು ಹೇಳುತ್ತದೆ. ಅಂದರೆ ಸೆಲ್ಲೇ ಸೆನ್ಸರ್. 2023ರಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದ ಮಾರ್ಟಿನ್ ಫುಸ್ಸೆನೆಗ್ಗರ್ ತಂಡ ಇದನ್ನೇ ಬಳಸಿ, ಸಕ್ಕರೆ ಏರಿದಾಗ ಬರುವ ಕರೆಂಟಿನಿಂದ ಇನ್ಸುಲಿನ್ ಬಿಡುಗಡೆಯಾಗುವಂತೆ ಇಲಿಗಳಲ್ಲಿ ಮಾಡಿ ತೋರಿಸಿತು. ಇದರ ಇನ್ನೊಂದು ಮುಖವನ್ನೂ ನೋಡಿ. ಸಕ್ಕರೆ ತೀರಾ ಇಳಿದಾಗ ಅಲಾರಂ ಬೇಕು, ಆದರೆ ಅದೇ ಹೊತ್ತಿಗೆ ಕರೆಂಟೂ ಇಳಿದಿರುತ್ತದೆ. ಅಲಾರಂಗೆ ಬೇರೆ ಶಕ್ತಿ ಕೂಡಿಡದೆ ಇಂಥ ಸಾಧನ ಕಟ್ಟಬಾರದು.

ಕರಗಿ ಹೋಗುವ ಪೇಸ್‌ಮೇಕರ್

2025ರ ಏಪ್ರಿಲ್‌ನಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಒಂದು ಪೇಸ್‌ಮೇಕರ್ ತೋರಿಸಿದರು. ಅಗಲ 1.8, ಉದ್ದ 3.5, ದಪ್ಪ 1 ಮಿಲಿಮೀಟರ್. ಗಂಗಾವತಿಯ ಸೋನಾ ಮಸೂರಿ ಅಕ್ಕಿಯ ಕಾಳಿಗಿಂತ ಗಿಡ್ಡ. ಸಿರಿಂಜಿನಲ್ಲೇ ಒಳಗೆ ಹಾಕಬಹುದು. ಅದರ ಎರಡು ಲೋಹಗಳು ದೇಹದ ದ್ರವ ತಾಗಿದ ಕೂಡಲೇ ಬ್ಯಾಟರಿಯಾಗುತ್ತವೆ. ಎದೆಯ ಮೇಲಿನ ಪ್ಯಾಚ್ ಚರ್ಮದ ಮೂಲಕ ಬೆಳಕಿನ ಮಿಣುಕು ಕಳಿಸಿ ಅದಕ್ಕೆ ಯಾವಾಗ ಮಿಡಿಯಬೇಕು ಅಂತ ಹೇಳುತ್ತದೆ. ಕೆಲಸ ಮುಗಿದ ಮೇಲೆ ದೇಹದಲ್ಲೇ ಕರಗುತ್ತದೆ. ಹೃದಯದ ಆಪರೇಷನ್ ಆದ ಹಸುಗೂಸುಗಳಿಗೆ ಕೆಲವು ದಿನ ಆಸರೆ ಬೇಕಾಗುತ್ತದೆ, ಅವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಈಗಿನ ತಾತ್ಕಾಲಿಕ ಪೇಸ್‌ಮೇಕರ್‌ನ ತಂತಿಗಳನ್ನು ಎಳೆದು ತೆಗೆಯಬೇಕು, ಅದರಲ್ಲೂ ಅಪಾಯವಿದೆ. 2012ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ತೀರಿಕೊಂಡಿದ್ದು ಅಂಥ ತಂತಿ ತೆಗೆದ ಮೇಲೆ ಆದ ಒಳ ರಕ್ತಸ್ರಾವದಿಂದ.

ಲೋಹ ಖರ್ಚಾಗುತ್ತದೆ ಅನ್ನುವ ಕೊರತೆಯನ್ನೇ ಇವರು ಗುಣ ಮಾಡಿಕೊಂಡಿದ್ದಾರೆ. ದ್ರವದ ಸೆಲ್ಲಿಗೆ ತಕ್ಕ ಕೆಲಸ ಯಾವುದು ಅಂತ ನನ್ನನ್ನು ಕೇಳಿದರೆ ಇಂಥದ್ದೇ: ದಿನಗಳ ಲೆಕ್ಕದ್ದು, ಆಮೇಲೆ ಇರಲೇಬಾರದ್ದು.

ಉಳಿದವು ಚುಟುಕಾಗಿ. ಒಳಕಿವಿಯ ದ್ರವದಲ್ಲಿ 70ರಿಂದ 100 ಮಿಲಿವೋಲ್ಟಿನ ಸಹಜ ಬ್ಯಾಟರಿಯೇ ಇದೆ. 2012ರಲ್ಲಿ ಗಿನಿಯಿಲಿಯ ಕಿವಿಯಿಂದ ಐದು ಗಂಟೆಯವರೆಗೆ ಶಕ್ತಿ ತೆಗೆದರು. ಸಿಕ್ಕಿದ್ದು ಒಂದು ನ್ಯಾನೋವಾಟ್ ಚಿಲ್ಲರೆ. ಸೆಮಿನಾರಿಗೆ ಸೊಗಸಾದ ವಿಷಯ, ಪ್ರಾಜೆಕ್ಟಿಗೆ ಅಲ್ಲ. ಕಣ್ಣೀರಿನಿಂದ ಗ್ಲೂಕೋಸ್ ಅಳೆಯುವ ಗೂಗಲ್‌ನ ಲೆನ್ಸ್ 2014ರಲ್ಲಿ ಸುದ್ದಿಯಾಗಿ 2018ರಲ್ಲಿ ನಿಂತಿತು. ಬೆವರಿನಲ್ಲಿರುವ ಲ್ಯಾಕ್ಟೇಟ್ ಅನ್ನುವ ವಸ್ತುವಿನಿಂದ ಓಡುವ ಸೆಲ್ಲುಗಳು ಚರ್ಮದ ಮೇಲಿನವು, ನಮ್ಮೂರಲ್ಲಿ ಬೆವರಿಗೆ ಬರವಿಲ್ಲ ನಿಜ, ಆದರೆ ಎಂಜೈಮ್‌ನ ಗೋಳು ಅಲ್ಲೂ ಇದೆ.

ಯಾರಿಗೆ ಯಾವುದು

ಮನೆಯಲ್ಲಿ ಶುಗರ್ ಇರುವವರಿಗೆ: ರಕ್ತದ ಸಕ್ಕರೆಯಿಂದಲೇ ಓಡುವ ಇಂಪ್ಲಾಂಟ್ ಯಾವ ಅಂಗಡಿಯಲ್ಲೂ ಇಲ್ಲ, ಕಾಯಬೇಡಿ. ನಮ್ಮಲ್ಲಿ ಸಿಗುವ ತೋಳಿನ ಪ್ಯಾಚ್ ಸೆನ್ಸರ್‌ನಲ್ಲಿ ಪುಟ್ಟ ಬ್ಯಾಟರಿ ಇರುತ್ತದೆ, ಸಾಮಾನ್ಯವಾಗಿ ಎರಡು ವಾರ ಬರುತ್ತದೆ. ಇನ್ಸುಲಿನ್ ತಗೊಳ್ಳುವವರಿಗೆ, ರಾತ್ರಿ ಶುಗರ್ ಇಳಿಯುವವರಿಗೆ ಆ ಖರ್ಚಿಗೆ ಅರ್ಥವಿದೆ. ಬರೀ ಮಾತ್ರೆಯಲ್ಲಿ ಹಿಡಿತದಲ್ಲಿರುವವರಿಗೆ ಗ್ಲೂಕೋಮೀಟರ್ ಸಾಕಾಗಬಹುದು. ನಿಮ್ಮ ಡಾಕ್ಟರನ್ನು ಕೇಳಿ ತೀರ್ಮಾನಿಸಿ.

ಎಲೆಕ್ಟ್ರಾನಿಕ್ಸ್ ಹುಡುಗರಿಗೆ, ಕೈಯಲ್ಲಿ ಎರಡು ಮೂರು ಸಾವಿರ ರೂಪಾಯಿ ಇದ್ದರೆ: ಜಠರದ ಸತು-ತಾಮ್ರ ಸೆಲ್. ರಸಾಯನಶಾಸ್ತ್ರ ಅಂದರೆ ಅಲರ್ಜಿ ಇರುವವರು ಎನ್‌ಎಫ್‌ಸಿ ಕಾಯಿಲ್ ಹಿಡಿಯಿರಿ. ಮಾಂಸದ ಬದಲು ಉಪ್ಪುನೀರಿನ ಚೀಲ ಅಡ್ಡ ಇಟ್ಟು ಆಳಕ್ಕೆ ತಕ್ಕಂತೆ ಶಕ್ತಿ ಹೇಗೆ ಇಳಿಯುತ್ತದೆ ಅಂತ ಅಳೆದರೂ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ಗ್ಲೂಕೋಸ್ ಬೇಕೇ ಬೇಕು ಅನ್ನುವವರು ಮೊದಲು ಫ್ರಿಜ್ ಇರುವ ಬಯೋಕೆಮಿಸ್ಟ್ರಿ ಲ್ಯಾಬಿನ ಒಬ್ಬ ಮೇಷ್ಟ್ರನ್ನು ಒಪ್ಪಿಸಿಕೊಳ್ಳಿ. ಅವರಿಲ್ಲದೆ ಬೇಡ. ದುಡ್ಡು ಸಾಲದಿದ್ದರೆ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೆ ಕಾಲೇಜಿನ ಮೂಲಕ ಅರ್ಜಿ ಹಾಕಬಹುದು.

ಎಲ್ಲರಿಗೂ ಒಂದು ಕಟ್ಟುನಿಟ್ಟು. ಏನನ್ನೂ ನುಂಗಬೇಡಿ, ಚರ್ಮದಡಿ ಇಟ್ಟುಕೊಳ್ಳಬೇಡಿ, ಗೆಳೆಯನ ರಕ್ತ ತೆಗೆಯಬೇಡಿ. ಪ್ರಾಣಿಗಳ ಮೇಲೆ ಪರೀಕ್ಷೆಗೆ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಬಿ.ಇ. ಪ್ರಾಜೆಕ್ಟಿಗೆ ಆ ದಾರಿಯೇ ಬೇಡ. ಬೀಕರ್ ಸಾಕು.

ಮೊದಲ ವಾರ ಚಿಪ್ಪನ್ನು ಮುಟ್ಟಬೇಡಿ. ಸತು-ತಾಮ್ರದ ಸೆಲ್ಲನ್ನು 37 ಡಿಗ್ರಿಯ ಬೀಕರಿನಲ್ಲಿ ಇಟ್ಟು 100 ಓಮ್‌ನಿಂದ 100 ಕಿಲೋಓಮ್‌ವರೆಗೆ ಒಂದೊಂದೇ ರೆಸಿಸ್ಟರ್ ಹಾಕಿ ವೋಲ್ಟೇಜ್ ಬರೆದುಕೊಳ್ಳಿ. ವೋಲ್ಟೇಜಿನ ವರ್ಗವನ್ನು ರೆಸಿಸ್ಟರಿನಿಂದ ಭಾಗಿಸಿದರೆ ವಾಟ್ ಸಿಗುತ್ತದೆ. ಯಾವ ರೆಸಿಸ್ಟರಿನಲ್ಲಿ ಅದು ಅತಿ ಹೆಚ್ಚು ಅಂತ ನೋಡಿ, ಅದನ್ನೇ ಹಾಕಿ ಬಿಟ್ಟು ಮೂರು ದಿನ, ಬೆಳಿಗ್ಗೆ ಸಂಜೆ ಅಳೆಯಿರಿ. ಮೂರನೇ ದಿನದ ಅಂಕಿ ನಿಮ್ಮ ಚಿಪ್‌ನ ಸ್ಲೀಪ್ ಖರ್ಚಿಗಿಂತ ಮೇಲಿದ್ದರೆ ವೋಲ್ಟೇಜ್ ಏರಿಸುವ ಬೂಸ್ಟರ್ ಆರ್ಡರ್ ಮಾಡಿ. ಕೆಳಗಿದ್ದರೆ ತಗಡಿನ ಅಗಲ ಹೆಚ್ಚಿಸಿ, ಇಲ್ಲವೇ ಬೇರೆ ಚಿಪ್ ನೋಡಿ.